ಹೆಂಡತಿಗೆ ಮಾಡಿಕೊಟ್ಟ ಬಿದಿರಿನ ಬಿಲ್ಲು

ನೋಯ್ಡಾದ ನಮ್ಮ ಆಫೀಸಿನ ನೆಲಕ್ಕೆ ಬಿದಿರಿನ ಹಲಗೆ ಹಾಕಿಸಿದ ವರ್ಷ, ಮಿಕ್ಕ ಐದಾರು ಹಲಗೆಗಳನ್ನು ಆಟೋದಲ್ಲಿ ತುರುಕಿಕೊಂಡು ಇಂದಿರಾಪುರಂನ ಮನೆಗೆ ತಂದೆ. ಬಿದಿರಿನ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ, ಒತ್ತಿ ಮಾಡಿದ ಹಲಗೆ ಅದು. ತೆಳ್ಳಗೆ ಸೀಳಿದರೆ ಬಗ್ಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಬಿಲ್ಲಿಗೆ ಇನ್ನೇನು ಬೇಕು? ಸೀಳಿಕೊಟ್ಟ ಬಡಗಿ ಭಯ್ಯಾ, "ಸಾಬ್, ದಸರಾ ತೋ ಹೋ ಗಯಾ" ಎಂದು, ರಾಮಲೀಲೆಯ ಬಿಲ್ಲಿನ ಕಾಲ ಮುಗಿಯಿತಲ್ಲ ಎಂಬಂತೆ ನಕ್ಕ. ನಕ್ಕರೆ ನಗಲಿ ಎಂದುಕೊಂಡೆ.

ಮೊದಲ ಬಿಲ್ಲು ನನಗೇ ಮಾಡಿಕೊಂಡೆ. ಹೆಂಡತಿ ಅದನ್ನು ಎತ್ತಿ ನೋಡಿ, "ನಂಗೂ ಒಂದು ಮಾಡಿಕೊಡಿ, ನಾನೂ ಕಲೀತೀನಿ" ಎಂದಳು. ಮದುವೆಯಾಗಿ ಆರು ವರ್ಷ. ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ನಾನು ಉಬ್ಬಿಹೋದೆ.

ಮೂರು ತೆಳು ಪಟ್ಟಿಗಳಿಗೆ ಅಂಟು ಬಳಿದು, ಬಾಗಿದ ಮರದ ಅಚ್ಚಿನ ಮೇಲಿಟ್ಟು, ಸೀಳಿದ ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಸುತ್ತಬೇಕು. ಜನವರಿಯ ಚಳಿಗೆ ಅಂಟು ಗಟ್ಟಿಯಾಗದೆ ಒಂದು ಬಿಲ್ಲು ಪದರಪದರವಾಗಿ ಕಿತ್ತುಬಂತು. ಎರಡನೆಯದಕ್ಕೆ ನಮ್ಮ ರಜಾಯಿಯನ್ನೇ ಹೊದಿಸಿ, ನಾವು ತೆಳು ಕಂಬಳಿಯಲ್ಲಿ ನಡುಗಿದೆವು. ಅವಳ ತೋಳು ಅಳೆದೆ, ಎಷ್ಟು ಎಳೆಯಬಲ್ಲಳು ನೋಡಿ ಪಟ್ಟಿಗಳನ್ನು ಇನ್ನಷ್ಟು ಉಜ್ಜಿದೆ. ಹಿಡಿಯ ಎಡಬದಿಯಲ್ಲಿ ಬಾಣ ಕೂರಲು ಒಂದು ಮೆಟ್ಟಿಲು ಕೊರೆದೆ. ಅದೇ ಹಲಗೆಯ ಚೌಕ ಕಡ್ಡಿಗಳನ್ನು ದುಂಡಗೆ ಉಜ್ಜಿ ಬಾಣ ಮಾಡಿದೆ. ಎಲ್ಲ ಸೇರಿ ಎರಡು ತಿಂಗಳು ಹಿಡಿಯಿತು.

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹಿಂದಿನ ಖಾಲಿ ಪ್ಲಾಟಿನಲ್ಲಿ, ಕಾಂಪೌಂಡು ಗೋಡೆಗೆ ಹಳೆ ಬಟ್ಟೆಯ ಮೂಟೆ ಒರಗಿಸಿ ಒಂದು ಭಾನುವಾರ ಪಾಠ ಶುರುಮಾಡಿದೆ. ಒಂದು ಬಾಣವೂ ಮೂಟೆಗೆ ತಗಲಲಿಲ್ಲ. ಎರಡನೇ ಭಾನುವಾರವೂ ಇಲ್ಲ, ಮೂರನೆಯದೂ ಇಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ಯಾಕೋ ಕೈಗೆ ಕೂರ್ತಾ ಇಲ್ಲ ಇದು," ಎಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೆ.

ಅವಳ ಮುಖ ಸಣ್ಣದಾಯಿತು. "ಯಾವ ಕೆಲಸಕ್ಕೂ ನಿಂಗೆ ಕೈ ಬರಲ್ಲ ಅಂತ ಅಮ್ಮನೂ ಅಂತಿದ್ರು. ಸಾಕು ಬಿಡಿ, ಇನ್ನು ಬರಲ್ಲ ನಾನು." ಹಾಗೆಂದು, ಸಿಟ್ಟಿಗೆ ಕಾಲಬಳಿಯ ಇಟ್ಟಿಗೆ ಚೂರೊಂದನ್ನು ಎತ್ತಿ ಬೀಸಿದಳು. ಅದು ಮೂಟೆಯ ನಟ್ಟನಡುವೆ ಬಡಿಯಿತು. ಬೀಸಿದ್ದು ಎಡಗೈಯಲ್ಲಿ.

"ನೀನು ಎಡಚಿಯಾ?"

"ಆಗಿದ್ದೆ. ಸ್ಕೂಲಿಗೆ ಸೇರೋ ಮೊದಲೇ ಬಿಡಿಸಿದ್ರು. ಎಡಗೈಗೆ ಬಟ್ಟೆ ಸುತ್ತಿ ಊಟಕ್ಕೆ ಕೂರಿಸ್ತಿದ್ರು." ಯಾರದೋ ಮನೆಯ ಸಂಗತಿ ಎಂಬಂತೆ ಹೇಳಿದಳು.

ಎಲ್ಲ ಅಳೆದಿದ್ದ ನಾನು ಯಾವ ಕೈ ಎಂದು ಕೇಳಿರಲಿಲ್ಲ. ಅವಳು ಬಿಲ್ಲನ್ನು ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಎಳೆದು ನೋಡಿದಳು. ತೋಳು ತಾನಾಗಿಯೇ ಸರಿಯಾಗಿ ನಿಂತಿತು. ಆದರೆ ಮೆಟ್ಟಿಲು ಆಚೆ ಬದಿಗಿದ್ದುದರಿಂದ ಬಾಣ ಜಾರಿಬಿತ್ತು. ಈಚೆಯೂ ಕೊರೆದರೆ ಹಿಡಿ ಸವೆದು ಮುರಿಯುತ್ತದೆ. ನನ್ನ ಎರಡು ತಿಂಗಳು ಕಣ್ಣೆದುರು ಬಂತು.

"ಬಲಗೈಲೇ ಕಲಿ," ಎಂದೆ. "ಬರೆಯೋದು, ಉಣ್ಣೋದು ಎಲ್ಲ ಕಲಿತಿಲ್ವಾ?"

"ಅವರೂ ಹೀಗೇ ಅಂದಿದ್ರು," ಎಂದು ಬಿಲ್ಲನ್ನು ನನ್ನ ಕೈಗಿತ್ತು ಮನೆಗೆ ಹೊರಟಳು.

ನಾಚಿಕೆಯಾಯಿತು. ಬಟ್ಟೆ ಸುತ್ತಿದವರಿಗಾದರೂ ಹೆದರಿಕೆಯಿತ್ತು, ಮಗಳನ್ನು ಜನ ಆಡಿಕೊಳ್ಳುತ್ತಾರೆ ಎಂದು. ನನಗೆ ಇದ್ದದ್ದು ಒಂದು ಕೋಲಿನ ಮೇಲಿನ ಮೋಹ.

ಅಂದೇ ಮಧ್ಯಾಹ್ನ ಬಿದಿರಿನ ತುಂಡು ಕತ್ತರಿಸಿ, ಹಳೆಯ ಮೆಟ್ಟಿಲಿಗೆ ಅಂಟಿಸಿ ಮುಚ್ಚಿದೆ. ನಾಲ್ಕು ದಿನ ಬಿಟ್ಟು, ಗಟ್ಟಿಯಾದ ಮೇಲೆ, ಇನ್ನೊಂದು ಬದಿಗೆ ಅರ ಹಚ್ಚಿ ಹೊಸದನ್ನು ಕೊರೆದೆ. ತೇಪೆ ಹಾಕಿದಂತಾಗಿ ಬಿಲ್ಲಿನ ಅಂದ ಕೆಟ್ಟಿತು. "ಒಂದೇ ಒಂದು ಸಲ ಬಾ" ಎಂದು ಕರೆದೆ. ಬಹಳ ಹೊತ್ತು ಬಿಲ್ಲನ್ನು ತಿರುಗಿಸಿ ನೋಡಿ, "ಚಲೋ, ಹೋಗೋಣ" ಎಂದು ಚಪ್ಪಲಿ ಮೆಟ್ಟಿದಳು.

ಮೊದಲ ಬಾಣ ಗೋಡೆಗೆ ಹೋಯಿತು. ಎರಡನೆಯದು ಮೂಟೆಯ ಅಂಚಿಗೆ. ಮೂರನೆಯದು ಒಳಗೇ ನಾಟಿತು. ಅವಳು ಇನ್ನೊಂದಕ್ಕೆ ಕೈ ಚಾಚಿದಳು. ತಪ್ಪಾಯಿತು ಎನ್ನಲು ಬಾಯಿ ತೆರೆದವನು, ಅಭ್ಯಾಸಬಲದಿಂದ, "ಮೊಣಕೈ ಇನ್ನೂ ಸ್ವಲ್ಪ ಮೇಲೆ" ಎಂದುಬಿಟ್ಟೆ.

"ಈ ಕೈಗೆ ನೀವಾದ್ರೂ ಏನೂ ಹೇಳ್ಬೇಡಿ," ಎಂದಳು.

ನಾನು ಮುಂದಿನ ಬಾಣವನ್ನು ಅವಳ ಎಡಗೈಗೆ ಕೊಟ್ಟೆ.