ಬಟ್ಟೆ ವ್ಯಾಪಾರಿಗೆ ಹೇಳಿದ ಸರ್ವಾಧಿಕಾರದ ಪಾಠ

ದುಬೈನ ಅಲ್ ನಹ್ದಾದ ನಮ್ಮ ಕಟ್ಟಡದಲ್ಲಿ, ನಮಗಿಂತ ಎರಡು ಮಹಡಿ ಮೇಲೆ ಭಟ್ಕಳದ ನವಾಯತ ದಂಪತಿ ಇದ್ದರು. ಗಂಡ ದೇರಾದಲ್ಲಿ ಮೂವತ್ತೈದು ವರ್ಷ ಸಗಟು ಬಟ್ಟೆ ವ್ಯಾಪಾರ ಮಾಡಿ, ಅರವತ್ತು ದಾಟಿದ ಮೇಲೆ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತಿದ್ದರು. ಕೂತಿದ್ದರು ಎನ್ನುವುದು ಸುಳ್ಳು. ಅವರಿಗೆ ಸುಮ್ಮನೆ ಕೂರಲು ಬರುತ್ತಲೇ ಇರಲಿಲ್ಲ. ಲಿಫ್ಟಿನಲ್ಲಿ ಸಿಕ್ಕವರ ಅಂಗಿ ತೋಳಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, "ಇದು ಕಾಟನ್ ಅಂತ ಹೇಳಿ ಕೊಟ್ರಾ ನಿಮಗೆ?" ಎಂದು ಮರುಕದಿಂದ ಕೇಳುವ ಮನುಷ್ಯ.

ಒಂದು ದಿನ ನನ್ನ ತೋಳನ್ನು ಬಿಟ್ಟು ಬೇರೆ ಪ್ರಶ್ನೆ ಕೇಳಿದರು. "ನೀವು ಹಿಸ್ಟರಿ ಟೀಚರಾ?"

ಕುಂದಾಪುರದ ಕಡೆಯ ಒಂದು ಕಾಲೇಜಿನಲ್ಲಿ ಎಂಟು ವರ್ಷ ಚರಿತ್ರೆ ಹೇಳಿಕೊಟ್ಟಿದ್ದೆ. ಗಂಡನಿಗೆ ಜುಮೇರಾ ಲೇಕ್ ಟವರ್ಸಿನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮೇಲೆ ನನ್ನನ್ನು ಯಾರೂ ಟೀಚರ್ ಎಂದು ಕರೆದಿರಲಿಲ್ಲ. ಹೌದು ಎಂದೆ. ಅವರ ವಿಷಯ ಇಷ್ಟು: ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಚಿಕ್ಕಪ್ಪ ವೀಸಾ ಕಳಿಸಿದ್ದರು, ಓದು ಅಲ್ಲಿಗೇ ನಿಂತಿತು. ಈಗ ದೂರ ಶಿಕ್ಷಣದಲ್ಲಿ ಮತ್ತೆ ಹೆಸರು ನೋಂದಾಯಿಸಿದ್ದಾರೆ. ಉಳಿದೆಲ್ಲ ಪೇಪರ್ ಆಗಿದೆ, ವಿಶ್ವ ಇತಿಹಾಸ ಮಾತ್ರ ತಲೆಗೆ ಹತ್ತುತ್ತಿಲ್ಲ.

ವಾರಕ್ಕೆರಡು ದಿನ, ಸಂಜೆಯ ಅಸರ್ ನಮಾಜು ಮುಗಿದ ಮೇಲೆ, ಅವರ ಊಟದ ಮೇಜಿನ ಮೇಲೆ ನಮ್ಮ ಪಾಠ. ಅವರ ಹೆಂಡತಿ ಹಾಲಿಲ್ಲದ ಸುಲೈಮಾನಿ ಚಹಾ ಇಟ್ಟು ಅಡುಗೆಮನೆಗೆ ಹೋಗುತ್ತಿದ್ದರು, ಬಾಗಿಲು ಮಾತ್ರ ಹಾಕುತ್ತಿರಲಿಲ್ಲ. ಗಂಡ ಹೆಂಡತಿಯ ಮಾತು ಮನೆಮಾತಾದ ನವಾಯತಿಯಲ್ಲಿ, ಆದರೆ ನನ್ನೆದುರು ಕನ್ನಡದಲ್ಲೇ ಜಗಳವಾಡುತ್ತಿದ್ದರು. ಅತಿಥಿಗೆ ಅರ್ಥವಾಗದಂತೆ ಜಗಳವಾಡುವುದು ಮರ್ಯಾದೆಯಲ್ಲ ಎಂದು ಅವರ ಲೆಕ್ಕ.

ಎರಡು ಮಹಾಯುದ್ಧಗಳ ನಡುವಿನ ಯುರೋಪಿಗೆ ಬಂದೆವು. ನನಗೆ ಹಳೆಯ ನೋಟ್ಸ್ ಬಾಯಿಪಾಠವಿತ್ತು. ಸರ್ವಾಧಿಕಾರಿ ಸರ್ಕಾರಗಳ ಉದಯಕ್ಕೆ ಐದು ಕಾರಣ: ಸೋಲು ಮತ್ತು ಒಪ್ಪಂದದ ಅವಮಾನ, ನಿರುದ್ಯೋಗ, ದುರ್ಬಲ ಸರ್ಕಾರ, ಕ್ರಾಂತಿಯ ಭಯ, ಪ್ರಚಾರ. ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡು ಪೆನ್ನು ಕೆಳಗಿಟ್ಟರು.

"ಸರಿ ಟೀಚರೆ. ಆದ್ರೆ ಇಟಲಿಯವರು ಕಪ್ಪು ಅಂಗಿ ಹಾಕ್ಕೊಂಡು ಮೆರವಣಿಗೆ ಹೋದ್ರು, ಜರ್ಮನಿಯವರು ಕಂದು ಅಂಗಿ ಅಂದ್ರಲ್ಲ. ಅಷ್ಟು ಬಟ್ಟೆ ಯಾರು ಕೊಟ್ಟದ್ದು?"

"ಅದು ಪರೀಕ್ಷೆಗೆ ಬರೋದಿಲ್ಲ."

"ಬರದಿದ್ರೆ ಬೇಡ. ಯಾರು ಕೊಟ್ಟದ್ದು?"

ಎಂಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಹೀಗೆ ಕೇಳಿರಲಿಲ್ಲ. ಮೊದಲು ಸಿಟ್ಟು ಬಂತು. ಮನೆಗೆ ಹೋಗಿ, ಎಷ್ಟೋ ಕಾಲದ ನಂತರ, ಹುಡುಕಿ ಓದಿದೆ. ಇಟಲಿಯ ಬಟ್ಟೆಯ ಬಗ್ಗೆ ಹೆಚ್ಚು ಸಿಗಲಿಲ್ಲ. ಜರ್ಮನಿಯದು ಸಿಕ್ಕಿತು. ಆಫ್ರಿಕಾದ ವಸಾಹತುಗಳಲ್ಲಿರುವ ಸೈನಿಕರಿಗೆಂದು ಹೊಲಿಸಿದ್ದ ಕಂದು ಅಂಗಿಗಳು ಯುದ್ಧ ಸೋತ ಮೇಲೆ ಯಾರಿಗೂ ಬೇಡವಾಗಿ ರಾಶಿ ಬಿದ್ದಿದ್ದವಂತೆ. ಸರ್ವಾಧಿಕಾರಿಯ ಪಕ್ಷದವರು ಅವನ್ನೇ ಅಗ್ಗಕ್ಕೆ ಎತ್ತಿದರಂತೆ.

ಮುಂದಿನ ಪಾಠದಲ್ಲಿ ಇದನ್ನು ಹೇಳಿದಾಗ ಅವರು ಮೇಜು ಗುದ್ದಿದರು. "ಸ್ಟಾಕ್ ಲಾಟ್!" ಅಡುಗೆಮನೆಯ ಕಡೆ ತಿರುಗಿ, "ಕೇಳಿದ್ಯಾ? ಉಳಿದ ಮಾಲು ತಗೊಂಡು ಸರ್ಕಾರ ಮಾಡಿದ್ದಾರೆ ಇವರು!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಗೋದು ಎಂತಕ್ಕೆ?" ಒಳಗಿನಿಂದ ಸ್ವರ ಬಂತು. "ಆ ಅಂಗಿ ಹಾಕಿದವರು ಬೀದಿಯಲ್ಲಿ ಜನರಿಗೆ ಹೊಡೆದ್ರು ಅಂತ ಮೊನ್ನೆ ಟೀಚರೇ ಹೇಳ್ಲಿಲ್ವಾ?"

ಅವರ ನಗು ನಿಂತಿತು. ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ನಿಮಗೆ ಗೊತ್ತಿಲ್ಲ ಟೀಚರೆ. ಗೋಡೌನಲ್ಲಿ ಒಂದು ಲಾಟ್ ಬಿದ್ಕೊಂಡಿದ್ರೆ ಎದೆ ಮೇಲೆ ಕಲ್ಲಿಟ್ಟ ಹಾಗೆ. ಯಾರೋ ಬಂದು ಪೂರ್ತಿ ತಗೊಳ್ತೇನೆ ಅಂದ್ರೆ, ಎಲ್ಲಿ ಹಾಕ್ತೀರಿ, ಎಂತಕ್ಕೆ ಹಾಕ್ತೀರಿ ಅಂತ ನಾನು ಯಾವತ್ತೂ ಕೇಳಿದವನಲ್ಲ. ಯಲ್ಲಾ, ತಗೊಂಡು ಹೋಗಿ ಅಂತಿದ್ದೆ, ಅಷ್ಟೇ. ಆ ವ್ಯಾಪಾರಿ ನಾನೇ ಆಗಿದ್ರೂ ಕೊಡ್ತಿದ್ದೆ."

"ನೀವು ಕೊಡ್ತಿದ್ರಿ," ಎಂದರು ಹೆಂಡತಿ ಬಾಗಿಲಿಗೆ ಬಂದು. "ನಾನು ಬಿಡ್ತಿರಲಿಲ್ಲ."

"ನಿನ್ನನ್ನು ಕೇಳಿ ನಾನು ಯಾವಾಗ ವ್ಯಾಪಾರ ಮಾಡಿದ್ದೆ?"

"ಅದೇ ನಾನು ಹೇಳಿದ್ದು."

ಆ ದಿನ ನಾನು ಐದು ಕಾರಣಗಳ ಸುದ್ದಿ ಎತ್ತಲಿಲ್ಲ. ನನ್ನ ಪಾಠದಲ್ಲಿ ಜನ ಎಂದರೆ ಬರೀ ಗುಂಪು. ಬಣ್ಣ ಹಾಕಿದವ, ಗುಂಡಿ ಹೊಲಿದವಳು, ಮಾರಿದವನು ಯಾರೂ ಅದರಲ್ಲಿ ಇರಲಿಲ್ಲ. ಎಂಟು ವರ್ಷದ ನನ್ನ ವಿದ್ಯಾರ್ಥಿಗಳನ್ನು ನೆನೆದು ನಾಚಿಕೆಯಾಯಿತು. ಮುಂದೆ, ಅದೇ ಕಾಲದ ರಷ್ಯಾದಲ್ಲಿ ನೆರೆಯವರೇ ನೆರೆಯವರ ಮೇಲೆ ಸರ್ಕಾರಕ್ಕೆ ದೂರು ಕೊಡುತ್ತಿದ್ದರೆಂದು ಓದಿದ ದಿನ, ಅವರ ಹೆಂಡತಿ ಕೆಲಸ ಬಿಟ್ಟು ಮೇಜಿನ ಬಳಿಯೇ ಬಂದು ಕೂತರು. "ಹಾಗಾದ್ರೆ ತಾಯಂದಿರು ಮಕ್ಕಳಿಗೆ ಎಂತ ಹೇಳಿ ಶಾಲೆಗೆ ಕಳಿಸ್ತಿದ್ರು? ಮನೆ ಮಾತು ಹೊರಗೆ ಹೇಳ್ಬೇಡಿ ಅಂತಾ?" ಎಂದು ಕೇಳಿದರು. ಅಲ್ಲಿಂದ ಮುಂದೆ ನನಗೆ ಇಬ್ಬರು ವಿದ್ಯಾರ್ಥಿಗಳು.

ಪರೀಕ್ಷಾ ಕೇಂದ್ರ ಅಬುಧಾಬಿಯಲ್ಲಿತ್ತು. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಅವರೇ ಕಾರು ಓಡಿಸಿದರು. ಅವರನ್ನು ಒಳಗೆ ಕಳಿಸಿ ನಾವಿಬ್ಬರು ಹೆಂಗಸರು ಪಕ್ಕದ ಕೆಫೆಟೀರಿಯಾದಲ್ಲಿ ಮೂರು ಗಂಟೆ ಕಾದೆವು. ಆಕೆ ಗಟ್ಟಿ ಹಾಲಿನ ಕರಕ್ ಚಹಾ ಹೀರುತ್ತಾ ಐದೂ ಕಾರಣಗಳನ್ನು ಒಂದು ತಪ್ಪಿಲ್ಲದೆ ಒಪ್ಪಿಸಿದರು. "ಇವರಿಗೆ ನೆನಪಿದ್ರೆ ಸಾಕು," ಎಂದರು.

ಅವರು ಮದುಮಗನ ಹಾಗೆ ಹೊರಬಂದರು. "ಜರ್ಮನಿ ಬಗ್ಗೆ ಒಂಬತ್ತು ಪುಟ ಬರೆದೆ ಟೀಚರೆ! ಅಂಗಿ, ಗೋಡೌನು, ಎಲ್ಲ!"

"ಉಳಿದ ಪ್ರಶ್ನೆಗಳು?"

"ಟೈಮ್ ಎಲ್ಲಿತ್ತು?"

ಹೆಂಡತಿ ಹಣೆ ಚಚ್ಚಿಕೊಂಡರು.

ನಿರೀಕ್ಷಿಸಿದಂತೆ ಫೇಲಾದರು. ತಪ್ಪು ನನ್ನದೇ ಎನಿಸಿ ಮುಖ ಚಿಕ್ಕದು ಮಾಡಿಕೊಂಡು ಮೇಲೆ ಹೋದೆ. "ಮಾಫಿ ಮುಶ್ಕಿಲ್, ಎಂತ ತೊಂದ್ರೆ ಇಲ್ಲ," ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. "ಕಂಟೇನರ್ ಕಂಟೇನರೇ ವಾಪಸ್ ಬಂದದ್ದು ನೋಡಿದ್ದೇನೆ. ಒಂದು ಪೇಪರ್ ಎಂತದ್ದು!" ಆದರೆ ಎರಡನೇ ಸಲಕ್ಕೆ ಪಾಠದ ಜವಾಬ್ದಾರಿಯನ್ನು ಹೆಂಡತಿ ವಹಿಸಿಕೊಂಡರು. ಸೌಟು ಹಿಡಿದು ಎದುರು ಕೂತು, ಪ್ರಶ್ನೆಗೆ ಇಷ್ಟೇ ನಿಮಿಷ ಎಂದು ಗಡಿಯಾರ ನೋಡಿ ಬರೆಸಿದರು. ನಾನು ಚಹಾ ಕುಡಿಯುವವಳಷ್ಟೇ.

ಪಾಸಾದರು. ಅವರು ನನಗೆ ಫೋನಿನಲ್ಲಿ ಕೂಗಿ ಹೇಳಿದ್ದು ಎರಡು ಮಹಡಿ ಕೆಳಗೆ ನೇರವಾಗಿಯೇ ಕೇಳಿಸಿತೆಂದು ನನ್ನ ಗಂಡ ಈಗಲೂ ಹೇಳುತ್ತಾರೆ. ಶುಕ್ರವಾರ ನಮಗೆಲ್ಲ ಅಲ್ಲಿ ಶಾವಿಗೆ ಬಿರಿಯಾನಿ. ಶಾಲೆಗೆ ಹೋಗುವ ನಮ್ಮ ಮಗಳು, "ಕಂಗ್ರಾಟ್ಸ್ ಅಂಕಲ್, ವೀ ಹ್ಯಾವ್ ದ ಸೇಮ್ ಚಾಪ್ಟರ್ ನೆಕ್ಸ್ಟ್ ಇಯರ್," ಎಂದಳು. ಅವರ ಮುಖ ಅರಳಿತು. "ಬಾ ಮಗಳೆ, ನಾನೇ ಹೇಳಿಕೊಡ್ತೇನೆ."

"ಬೇಡ ಮಗಳೆ," ಎಂದರು ಆಕೆ ಬಿರಿಯಾನಿ ಬಡಿಸುತ್ತಾ. "ಫೇಲ್ ಆಗ್ತೀಯ."

ಕಳೆದ ವರ್ಷ ಅವರಿಬ್ಬರೂ ಅಬುಧಾಬಿಯಲ್ಲಿರುವ ಮಗಳ ಮನೆಗೆ ಇರಲು ಹೋದರು. ಮೊನ್ನೆ ಬೆಳಿಗ್ಗೆ ನಮ್ಮ ಬಟ್ಟೆ ವ್ಯಾಪಾರಿಯ ಫೋನು ಬಂತು. ಕುಶಲ ವಿಚಾರಿಸಲಿಲ್ಲ. "ಟೀಚರೆ, ಅದೇ ಕಾಲದಲ್ಲಿ ಸ್ಪೇನಿನಲ್ಲಿ ಎಂತ ಆದದ್ದು? ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ನಿಂತು ಯುದ್ಧ ಮಾಡಿದ್ರಂತೆ, ಹೌದಾ?"

ನನಗೆ ಸರಿಯಾಗಿ ಗೊತ್ತಿಲ್ಲ, ಓದಿ ಹೇಳುತ್ತೇನೆ ಎಂದೆ.

"ಓದಿ, ಓದಿ," ಎಂದರು ಸಂತೋಷದಿಂದ. "ನಾವಿಬ್ಬರೂ ಕಾಯ್ತೇವೆ."