ಸೌಟು ಸುಟ್ಟರೂ ಸಾರು ಉಳಿಯಿತು

ನಿನ್ನೆ ಅಡುಗೆಮನೆ ತುಂಬ ಸುಟ್ಟ ಸಾಸಿವೆಯ ವಾಸನೆ. ಸುಟ್ಟವನು ನಾನೇ. ಹೊಗೆ ಎಷ್ಟಿತ್ತೆಂದರೆ ಬಂಕಾಪುರದ ನವಿಲುಧಾಮದ ನವಿಲುಗಳೂ ಕೆಮ್ಮಿರಬೇಕು. ಕಣ್ಣುಜ್ಜಿಕೊಳ್ಳುವಾಗ ನಮ್ಮ ವಿಜ್ಞಾನದ ಟೀಚರ್ ನೆನಪಾದರು...

ನಾನಾಗ ದುಂಡಸಿಯಲ್ಲಿ ಎಂಟನೆಯ ತರಗತಿ. ಟೀಚರಿಗೆ ಅದು ನಿವೃತ್ತಿಯ ವರ್ಷ. ಶಿಗ್ಗಾಂವಿಯ ವಿಜ್ಞಾನ ಪ್ರದರ್ಶನದಲ್ಲಿ ಒಮ್ಮೆಯಾದರೂ ಗೆಲ್ಲಬೇಕೆಂಬ ಆಸೆ ಅವರಿಗೆ. ಉಳಿದ ಶಾಲೆಗಳು ಜ್ವಾಲಾಮುಖಿ ತರುತ್ತಿದ್ದರೆ ಇವರು ಆರಿಸಿದ್ದು ಕ್ವಾಂಟಮ್ ಕಂಪ್ಯೂಟರ್. ಸಾಮಗ್ರಿ: ಹುಡುಗರು, ಬಾವುಟಗಳು, ಒಂದು ಗಡಿಗೆ ಬೇಳೆಸಾರು.

ಆ ಕಂಪ್ಯೂಟರಿನಲ್ಲಿ ಮಾಹಿತಿ ಹಿಡಿದಿಡುವ ಕ್ಯೂಬಿಟ್‌ಗಳು ನಮ್ಮ ತರಗತಿಯ ಹಾಗೆ, ಮಾತುಮಾತಿಗೆ ತಪ್ಪುತ್ತವೆ. ಅದಕ್ಕೇ ಒಂದು ಮಾಹಿತಿಯನ್ನು ಹಲವು ಕ್ಯೂಬಿಟ್‌ಗಳಲ್ಲಿ ಹರಡಿ ಕಾಪಾಡುತ್ತಾರೆ. ಟೀಚರ್ ನಮ್ಮನ್ನು ಎದುರುಬದುರು ಎರಡು ಸಾಲಾಗಿ ನಿಲ್ಲಿಸಿದರು. ಪ್ರತಿಯೊಬ್ಬನೂ ಎದುರಿನವನನ್ನಷ್ಟೇ ನೋಡಿ ಬಾವುಟ ತಿರುಗಿಸಬೇಕು. ಒಬ್ಬ ತಪ್ಪಿದರೂ ತಪ್ಪು ಪಕ್ಕದವನಿಗೆ ಹಬ್ಬುವುದಿಲ್ಲ; ಉಳಿದವರನ್ನು ನೋಡಿ ತಿದ್ದಬಹುದು. ಆದರೆ ಎಲ್ಲ ಲೆಕ್ಕವೂ ಹೀಗೆ ಆಗುವುದಿಲ್ಲವಂತೆ. ಬಾವುಟದ ಒಂದು ತಿರುವು ಮಾತ್ರ ಹಟಮಾರಿ, ಸಾಲಿನಲ್ಲಿ ನಿಂತು ಮಾಡಲಾಗದು. ಅದಕ್ಕೆ ಬೇಕಾದ್ದನ್ನು ಹೊರಗೇ ತಯಾರಿಸಿ, ಪರೀಕ್ಷಿಸಿ, ಚೆನ್ನಾಗಿದ್ದರಷ್ಟೇ ಒಳಗೆ ಸೇರಿಸಬೇಕು; ಕೆಟ್ಟರೆ ಚೆಲ್ಲಿದರಾಯಿತು, ಒಳಗಿನ ಮಾಹಿತಿಗೆ ಧಕ್ಕೆಯಿಲ್ಲ.

“ಒಗ್ಗರಣಿ ಗಡಿಗ್ಯಾಗ ಮಾಡ್ತಾರೇನಲೇ? ಸೌಟಿನ್ಯಾಗ ಮಾಡಿ, ಮೂಸಿ ನೋಡಿ, ಆಮ್ಯಾಲೆ ಹಾಕ್ತಾರ,” ಅಂದರು ಟೀಚರ್. ಸೌಟಿನ ಹೊಣೆ ಶಾಲೆಯ ಏಕೈಕ ಪಾಕಪ್ರವೀಣನಾದ ನನಗೆ ಬಂತು.

ತೀರ್ಪುಗಾರರು ಬಂದಾಗ ನಾನು ಸೌಟು ಮರೆತು ಭಾಷಣ ಬಿಗಿದೆ. ಸಾಸಿವೆ ಇದ್ದಿಲಾಯಿತು.

“ನಿಮ್ಮ ಕಂಪ್ಯೂಟರ್ ಸುಟ್ಟು ಹೋತಲ್ರಿ ಟೀಚರ್,” ಅಂದರು ತೀರ್ಪುಗಾರರು, ಕೆಮ್ಮುತ್ತ.

ಟೀಚರ್ ಮುಖ ಗಳಿಗೆ ಹೊತ್ತು ಬಿಳಿಚಿತು. ಆಮೇಲೆ ಗಡಿಗೆಯ ಮುಚ್ಚಳ ತೆಗೆದು ತೋರಿಸಿದರು.

“ಸೌಟು ಸುಟ್ಟೈತ್ರಿ, ಸಾರು ಹಂಗ ಐತಿ. ಅದಕ್ಕ ನೋಡ್ರಿ ನಾವು ಬ್ಯಾರೆ ಮಾಡೂದು. ಲೇ ಶಾಣ್ಯಾ, ಅದನ್ನ ಚೆಲ್ಲಿ ಇನ್ನೊಂದು ಮಾಡು.”

ಎರಡನೆಯದು ಶಿಗ್ಗಾಂವಿಯಿಂದ ತಡಸದವರೆಗೆ ಘಮಘಮಿಸಿತು. ತೀರ್ಪುಗಾರರು ಮೂಸಿ ತಲೆಯಾಡಿಸಿದರು, ನಾನು ಸುರಿದೆ. ಎರಡು ಲೋಟ ಸಾರು ಕುಡಿದು ಮೊದಲ ಬಹುಮಾನ ಕೊಟ್ಟರು.

ವಾಪಸು ಬಸ್ಸಿನಲ್ಲಿ ನಾನಂದೆ, “ಬೇಕಂತನ ಸುಟ್ಟೇನ್ರಿ ಟೀಚರ್, ಅವರಿಗೆ ತಿಳೀಲಿ ಅಂತ.”

“ಗೊತ್ತೈತಿ ಬಿಡು. ಮೊದಲ ಹೇಳಿದ್ರ ನಾನೂ ಹೆದರ್ತಿರಲಿಲ್ಲ,” ಅಂದರು, ಸ್ವಲ್ಪವೂ ನಗದೆ. ಬಹುಮಾನದ ಫಲಕ ಊರು ಬರುವ ತನಕ ಅವರ ಮಡಿಲಲ್ಲೇ ಇತ್ತು...

ಟೀಚರ್ ಹೋದ ವರ್ಷ ತೀರಿಕೊಂಡರು. ನಿನ್ನೆ ಅವ್ವನಿಗೂ ಅದನ್ನೇ ಹೇಳಿ ನೋಡಿದೆ, ಬೇಕಂತನ ಸುಟ್ಟೆ ಅಂತ.

“ಹೌದೌದು. ಈಗ ಬೇಕಂತನ ಸೌಟು ತಿಕ್ಕು,” ಅಂದಳು.

ತಿಕ್ಕುತ್ತ ಕುಳಿತೆ. ನನ್ನ ಸುಳ್ಳನ್ನು ಅಷ್ಟು ಗಂಭೀರವಾಗಿ ನಂಬಿದವರು ಟೀಚರ್ ಒಬ್ಬರೇ.