ಹೊರಡುವ ಮುಂಚೆ ಒಂದು ಫೋಟೋ

ಆ ಡ್ರೈವಿಂಗ್ ಸ್ಕೂಲಿನಲ್ಲಿ ಅವಳ ನಿಜವಾದ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಎಲ್ಲರಿಗೂ ಅವಳು ಬ್ರೇಕ್ ಮೇಡಂ. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು ಅವಳು “ಬ್ರೇಕ್!” ಎಂದು ಕೂಗಿದರೆ ಆಚೆ ಬದಿಯ ಸೈಕಲ್ಲೂ ನಿಲ್ಲುತ್ತದೆ ಎಂದು ಸ್ಕೂಲಿನ ಮಾಲೀಕ ತಮಾಷೆ ಮಾಡುತ್ತಿದ್ದ. ಟ್ಯಾಕ್ಸಿ ಓಡಿಸುತ್ತಿದ್ದ ಅಪ್ಪನ ಮಗಳು. ಅಪ್ಪ ತೀರಿಕೊಂಡ ಮೇಲೆ ಅಮ್ಮನೊಂದಿಗೆ ಎರಡು ಕೋಣೆಯ ಮನೆಯಲ್ಲಿದ್ದಳು. ಒಮ್ಮೆ ತನ್ನ ಕಾರಿಗೆ ಉಜ್ಜಿಕೊಂಡು ಹೋದ ಬಸ್ಸನ್ನು ಸಿಗ್ನಲ್ಲಿನವರೆಗೂ ಅಟ್ಟಿಸಿಕೊಂಡು ಹೋಗಿ, ಡ್ರೈವರನನ್ನು ಕೆಳಗಿಳಿಸಿ ಬೆವರಿಳಿಸಿದ್ದಳು. ಇಂಥವಳನ್ನು ಒಬ್ಬ ಅಂಕೆಯಲ್ಲಿಟ್ಟಿದ್ದಾನೆ ಎಂದರೆ ಯಾರು ನಂಬುತ್ತಾರೆ? ಅವಳೇ ಮೊದಲು ನಗುತ್ತಿದ್ದಳು.

ಕನ್ನಡಕದ ಅಂಗಡಿಯವನ ಪರಿಚಯವಾದದ್ದು ಹೊಸ ಕನ್ನಡಕ ಮಾಡಿಸಲು ಹೋದಾಗ. ಫ್ರೇಮಿನ ಕಡ್ಡಿಯನ್ನು ಬಿಸಿ ಮಾಡಿ ಬಾಗಿಸಿ, ಅವಳ ಕಿವಿಯ ಹಿಂದೆ ಮೆಲ್ಲಗೆ ಕೂರಿಸಿ, “ನೋಯ್ತಾ?” ಎಂದು ಕೇಳಿದ್ದ. ಅಪ್ಪ ಹೋದ ಮೇಲೆ ಅವಳನ್ನು ಹಾಗೆ ಕೇಳಿದವರೇ ಇರಲಿಲ್ಲ. ವರ್ಷ ಕಳೆಯುವುದರೊಳಗೆ ಮದುವೆಯ ಮಾತಾಯಿತು. ಅಮ್ಮನಿಗಂತೂ ಅಳಿಯ ಎಂದರೆ ಅವನೇ.

ಅವನು ಎಂದೂ ದನಿ ಎತ್ತಿದವನಲ್ಲ. “ದಿನಾ ರೋಡಲ್ಲಿರ್ತೀಯ, ನಂಗೆ ಇಲ್ಲಿ ಕೂತು ಜೀವ ಡವಡವ ಅನ್ನುತ್ತೆ. ಹೊರಡೋ ಮುಂಚೆ ಒಂದು ಫೋಟೋ ಕಳ್ಸು, ಸಾಕು” ಎಂದ. ಕಳಿಸಿದಳು. ಆಮೇಲೆ ಸ್ಟೀರಿಂಗ್ ಹಿಡಿದವರ ಮುಖವೂ ಫೋಟೋದಲ್ಲಿ ಬರಬೇಕಾಯಿತು. ಆಮೇಲೆ ಗಂಡಸರಿಗೆ ಕಲಿಸುವುದು ನಿಂತಿತು. ಬೆಳಗಿನ ವಾಲಿಬಾಲ್ ಬಿಟ್ಟಳು, ಗೆಳತಿಯರೂ ಒಬ್ಬೊಬ್ಬರಾಗಿ ಹಿಂದೆ ಸರಿದರು. ಪ್ರತಿ ಸಲವೂ ಅದು ತನ್ನದೇ ತೀರ್ಮಾನ ಎಂದೇ ಅವಳಿಗೆ ಅನಿಸಿತ್ತು. ಸುಮ್ಮನೆ ಯಾಕೆ ರಗಳೆ?

ಆ ಸಮಯದಲ್ಲಿ ಕಲಿಯಲು ಬಂದವಳು ಒಬ್ಬ ನರ್ಸ್. ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರವಾಗಿ ಬರುತ್ತಿದ್ದಳು. ಕೈ ಚುರುಕು, ಮಾತು ಕಡಿಮೆ. ಒಂದು ಮಧ್ಯಾಹ್ನ ಕಾರು ತಿರುಗಿಸುವಾಗ ಅವಳ ಫೋನು ಹೊಡೆದುಕೊಳ್ಳತೊಡಗಿತು. ನರ್ಸ್ ಗಾಬರಿಯಿಂದ ನಡುರಸ್ತೆಯಲ್ಲೇ ಕಾರು ನಿಲ್ಲಿಸಿ, “ಹೂಂ, ಮೇಡಂ ಜೊತೇನೇ ಇದ್ದೀನಿ. ಇಲ್ಲ, ಬೇರೆ ಯಾರೂ ಇಲ್ಲ. ನಿಮ್ಮಾಣೆ” ಎಂದಳು.

ಗಂಡನದು. ಬ್ರೇಕ್ ಮೇಡಮ್ಮಿಗೆ ಪಿತ್ತ ನೆತ್ತಿಗೇರಿತು.

“ಅವನ್ಯಾರಮ್ಮ ನಿನ್ನ ಉಸಿರಿಗೂ ಲೆಕ್ಕ ಕೇಳೋಕೆ? ಇದು ಪ್ರೀತಿ ಅಲ್ಲ, ಕಾವಲು! ನೀನ್ಯಾಕೆ ಸುಮ್ನಿದ್ದೀಯ?”

ನರ್ಸ್ ಮುಖದಲ್ಲಿ ಕೋಪವಿರಲಿಲ್ಲ, ವ್ಯಂಗ್ಯವಂತೂ ಇರಲೇ ಇಲ್ಲ. “ನಿಮ್ಮೋರೂ ಹಂಗೇ ಅಲ್ವಾ ಮೇಡಂ? ನೀವೂ ದಿನಾ ಫೋಟೋ ಕಳಿಸ್ತೀರಲ್ಲ. ನಂಗೂ ಮೊದಮೊದಲು ಉಸಿರು ಕಟ್ಟಿದಂಗಾಗ್ತಿತ್ತು. ನಿಮ್ಮನ್ನ ನೋಡಿದ ಮೇಲೆ, ಇಷ್ಟು ಗಟ್ಟಿ ಹೆಂಗಸೇ ಕಳಿಸ್ತಾರೆ ಅಂದ್ರೆ ಇದೆಲ್ಲ ಮಾಮೂಲಿ ಇರ್ಬೇಕು ಅಂತ ಸಮಾಧಾನ ಮಾಡ್ಕೊಂಡೆ.”

ಬ್ರೇಕ್ ಮೇಡಂ ಗರಬಡಿದವಳಂತೆ ಕೂತುಬಿಟ್ಟಳು. ಹಿಂದಿನಿಂದ ಹಾರ್ನ್ ಕೇಳುತ್ತಿತ್ತು.

ಮುಂದಿನ ಪಾಠದ ದಿನ ಅವಳು ಫೋಟೋ ಕಳಿಸಲಿಲ್ಲ. ಫೋನಿನ ಸದ್ದಡಗಿಸಿ ಚೀಲಕ್ಕೆ ಹಾಕಿದಳು. ಎಂದಿನ ದಾರಿ ಬಿಟ್ಟು, ಮುಚ್ಚಿಹೋದ ಬಟ್ಟೆ ಮಿಲ್ಲಿನ ಹಿಂದಿನ ರಸ್ತೆಗೆ ಕಾರು ತಿರುಗಿಸಲು ಹೇಳಿದಳು. ಆ ದಾರಿ ಅವಳಿಗೆ ಹೊಳೆದದ್ದೇ ಆ ಕ್ಷಣದಲ್ಲಿ, ಯಾರಿಗೂ ಹೇಳಿರಲಿಲ್ಲ.

ವಾಪಸು ತಿರುಗುವ ಹೊತ್ತಿಗೆ ರಸ್ತೆಗೆ ಅಡ್ಡಲಾಗಿ ಒಂದು ಸ್ಕೂಟರ್ ನಿಂತಿತ್ತು. ಅದಕ್ಕೆ ಒರಗಿಕೊಂಡು ಕನ್ನಡಕದ ಅಂಗಡಿಯವನು.

ಅವನು ನಗುತ್ತಲೇ ಬಂದ. ನರ್ಸ್ ಕಡೆಯ ಬಾಗಿಲು ತೆಗೆದು, ಕೈ ಒಳಗೆ ಚಾಚಿ, ಗಾಡಿ ಆಫ್ ಮಾಡಿ ಕೀ ಕಿತ್ತುಕೊಂಡ. “ಇವತ್ತಿಗೆ ಸಾಕು ಸಿಸ್ಟರ್” ಎಂದ, ಬಲು ಮರ್ಯಾದೆಯಿಂದ.

“ನಾನು ಇಲ್ಲಿದ್ದೀನಿ ಅಂತ ನಿಂಗೆ ಹೇಗೆ ಗೊತ್ತಾಯ್ತು?”

“ನಿನ್ನ ಫೋನಲ್ಲಿ ಒಂದು ಆ್ಯಪ್ ಹಾಕಿಟ್ಟಿದ್ದೀನಲ್ಲ, ನೀನು ಎಲ್ಲಿದ್ರೂ ಕಾಣ್ಸುತ್ತೆ. ಫೋನ್ ಕೊಡಿಸಿದಾಗ್ಲೇ ಹಾಕ್ದೆ. ನಿನ್ನ ಒಳ್ಳೇದಕ್ಕೇ ಕಣೇ.”

“ಕೀ ಕೊಡು.”

“ಕೊಡ್ತೀನಿ. ಮೊದ್ಲು ಸಾರಿ ಅನ್ನು. ಇವರೆದುರಿಗೇ.”

ಅವಳು ಬೆಚ್ಚಿದ್ದು ಅವನ ಮಾತಿಗಲ್ಲ. ‘ಸಾರಿ’ ಎನ್ನಲು ತನ್ನ ತುಟಿ ಆಗಲೇ ತೆರೆದುಕೊಂಡಿತ್ತು. ಏನು, ಎತ್ತ ಎಂದು ಯೋಚಿಸುವ ಮೊದಲೇ ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಇದನ್ನು ತಾನು ಎಷ್ಟು ಸಲ ಹೇಳಿರಬೇಕು? ಯಾವ ಯಾವ ತಪ್ಪಿಗೆ? ಒಂದೂ ನೆನಪಾಗಲಿಲ್ಲ. ಹಲ್ಲು ಕಚ್ಚಿ ಬಾಯಿ ಮುಚ್ಚಿದಳು. ಕೆಳಗಿಳಿದು ಅವನ ಮುಂದೆ ಅಂಗೈ ಚಾಚಿ ನಿಂತಳು.

ಹಿಂದೆ ಒಂದು ಹಾಲಿನ ವ್ಯಾನು ಬಂದು ನಿಂತಿತು. “ಏನ್ರೀ ಅದು, ರಸ್ತೆ ನಿಮ್ಮಪ್ಪಂದಾ?” ಎಂದು ವ್ಯಾನಿನವನು ಅರಚಿದ. ಕನ್ನಡಕದವನ ಮುಖ ತಟ್ಟನೆ ಬದಲಾಯಿತು. “ಮನೆ ಜಗಳ ಸಾರ್, ಚಿಕ್ಕದು” ಎಂದು ನಕ್ಕು ಕೀಯನ್ನು ಅವಳ ಅಂಗೈಗೆ ಹಾಕಿ, ಸ್ಕೂಟರ್ ಹತ್ತಿ ಹೊರಟುಹೋದ.

ನರ್ಸ್ ಇಳಿದು ಪಕ್ಕದ ಸೀಟಿಗೆ ಹೋದಳು. ಸ್ಟೀರಿಂಗಿಗೆ ಬ್ರೇಕ್ ಮೇಡಮ್ಮೇ ಕೂತಳು. ಕ್ಲಚ್ಚನ್ನು ಒಮ್ಮೆಲೇ ಬಿಟ್ಟದ್ದಕ್ಕೆ, ಊರಿಗೆಲ್ಲ ಕಾರು ಕಲಿಸಿದವಳ ಗಾಡಿ ಮುಗ್ಗರಿಸಿ ನಿಂತುಹೋಯಿತು.

ಮನೆಗೆ ಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಅಮ್ಮ ಕೇಳುತ್ತ ಕೇಳುತ್ತ ಬಿಳಿಚಿಕೊಂಡಳು.

“ನೀನು ಮನೆ ಬಿಟ್ಟ ತಕ್ಷಣ ತಿಳಿಸಿ ಅತ್ತೆ ಅಂದಿದ್ದ. ಯಾವ ಬಟ್ಟೆ ಹಾಕಿದ್ದೀಯ, ಯಾರ ಫೋನ್ ಬಂತು, ಎಲ್ಲಾ... ಎಷ್ಟು ಕಾಳಜಿ ಈ ಹುಡುಗನಿಗೆ ಅಂತ ದಿನಾ ನಾನೇ ಅವನಿಗೆ ಹೇಳ್ತಾ ಇದ್ದೆನಲ್ಲೇ. ಅಯ್ಯೋ, ನಾನೇನು ಮಾಡ್ಬಿಟ್ಟೆ!”

ಮಗಳು ಅಮ್ಮನನ್ನೇ ದಿಟ್ಟಿಸಿದಳು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಹಾಗೇ ಕೂತರು.

ಮರುದಿನ ಸ್ಕೂಲಿನ ಮಾಲೀಕನನ್ನೂ ಅವನ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಕನ್ನಡಕದ ಅಂಗಡಿಗೆ ಹೋಗಿ, ಗಿರಾಕಿಗಳಿರುವಾಗಲೇ ಫೋನನ್ನು ಅವನ ಗಾಜಿನ ಮೇಜಿನ ಮೇಲಿಟ್ಟು, “ಮದುವೆ ಇಲ್ಲ” ಎಂದಳು. ಅವನು ಅತ್ತ. ಆಮೇಲೆ ಅವಳ ಬೀದಿಯ ತುದಿಯಲ್ಲಿ ಬಂದು ನಿಲ್ಲತೊಡಗಿದ. ಪೊಲೀಸರಿಗೆ ದೂರು ಕೊಟ್ಟ ಮೇಲೆಯೇ ಅದು ನಿಂತದ್ದು. ಕೆಲವು ನೆಂಟರು ಇಂದಿಗೂ, “ಅಷ್ಟು ಪ್ರೀತಿ ಮಾಡೋನನ್ನ ಕೈಯಾರೆ ಕಳ್ಕೊಂಡ್ಳು” ಎನ್ನುತ್ತಾರೆ.

ನರ್ಸ್ ಮತ್ತೆ ಪಾಠಕ್ಕೆ ಬರಲಿಲ್ಲ. ಬ್ರೇಕ್ ಮೇಡಂ ಆಸ್ಪತ್ರೆಗೇ ಹುಡುಕಿಕೊಂಡು ಹೋಗಿ, ವಾರ್ಡಿನ ಹೊರಗೆ ನಿಲ್ಲಿಸಿ ಹೇಳಿದಳು: “ನನ್ನ ನೋಡಿ ಮಾಮೂಲಿ ಅಂದ್ಕೊಂಡಿದ್ಯಲ್ಲ, ಅದು ಮಾಮೂಲಿ ಅಲ್ಲ. ನಮ್ಮನೆ ಗೊತ್ತಲ್ಲ? ಯಾವಾಗ ಬೇಕಾದ್ರೂ ಬಾ.” ನರ್ಸ್ ಅತ್ತಿತ್ತ ನೋಡಿ, “ನೋಡ್ತೀನಿ ಮೇಡಂ” ಎಂದು ಒಳಗೆ ಹೋದಳು.

ಬಂದದ್ದು ತಿಂಗಳುಗಳಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಬರಿಗೈಯಲ್ಲಿ, ಫೋನೂ ಇಲ್ಲದೆ. ಅಮ್ಮ ಏನೂ ಕೇಳದೆ ತಟ್ಟೆ ಹಾಕಿದಳು. ನರ್ಸ್ ನಾಲ್ಕು ತುತ್ತು ತಿಂದು, ತಾನೇ ನಂಬಲಾರದವಳಂತೆ ತಲೆ ಎತ್ತಿದಳು.

“ಯಾರಿಗೂ ಹೇಳ್ದೆ ಬಂದಿದ್ದೀನಿ” ಎಂದಳು.